ಖಾಲಿ ಬಂದ ತಟ್ಟೆ

ಹಳೆಯ ಊರಿನ ಹಬ್ಬಕ್ಕೆ ಹೊರಟ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಂಬಳಿ, ಬುಟ್ಟಿ, ಚಹಾ ಕಾಯಿಸುವ ಸಮೋವಾರ್, ಮೊಮ್ಮಕ್ಕಳು ಇವೆಲ್ಲದರ ನಡುವೆ ಇಕ್ಕಟ್ಟಾಗಿ ಕೂತಿದ್ದ ಗುಲ್ಸುಮ್, ಊರಿನ ಏಪ್ರಿಕಾಟ್ ತೋಟ ದಾಟುವ ಮೊದಲೇ, ಹಸಿಬೆಯ ಮನೆಯವರು ಹೊರಟರೋ ಇಲ್ಲವೋ ಎಂದು ಮೂರನೆಯ ಸಲ ಕೇಳಿದಳು. ಸೊಸೆ ಮೆಲಿಹಾ ಮೂರನೆಯ ಸಲವೂ ಹೊರಟರು ಎಂದಳು. ಹಸಿಬೆಯೂ ಅವರ ಜೊತೆ ಇದ್ದಳೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ. ಇದ್ದಳು, ನೀಲಿ ಶಾಲು ಹೊದ್ದಿದ್ದಳು, ಗಾಡಿಯ ಮುಂದಿನ ಸೀಟಿನಲ್ಲೇ ಕೂತಿದ್ದಳು ಎಂದು ಮೆಲಿಹಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು, ಮತ್ತೆ ಕೇಳದಿರಲಿ ಎಂದು. ಮುಂದಿನ ಸೀಟಿನಲ್ಲೇ ಕೂರಬೇಕೇನು ಮಹಾರಾಣಿ, ಎಂದು ಗುಲ್ಸುಮ್ ಮೂಗು ಮುರಿದಳು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಹಾಗೆಲ್ಲ ಮಾತಾಡುವ ದಿನವಲ್ಲ ಅದು.

ನಾಡಿದ್ದು ಬೆಳಿಗ್ಗೆ ಗುಲ್ಸುಮ್ ಹತ್ತಬೇಕಾದ ಹಜ್ ಯಾತ್ರಿಗಳ ಬಸ್ಸು. ಮಗ ಇಸ್ಮೆತ್ ಜೊತೆಗೆ ಬರುತ್ತಾನೆ. ಹೊರಡುವ ಮುಂಚೆ ಮನೆಮನೆಗೆ ಹೋಗಿ, ನನ್ನ ಮೇಲೆ ನಿಮ್ಮ ಹಕ್ಕೇನಾದರೂ ಉಳಿದಿದ್ದರೆ ಬಿಟ್ಟುಕೊಡಿ ಎಂದು ಕೇಳಬೇಕು. ಅವರು ಬಿಟ್ಟೆ, ನೀನೂ ಬಿಡು ಎನ್ನಬೇಕು. ಅಲ್ಲಿಗೆ ಮುಗಿಯಿತು. ಊರಿನ ಇಮಾಮ್ ಖಡಾಖಂಡಿತವಾಗಿ ಹೇಳಿದ್ದ: ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಅದರಲ್ಲಿ ದೇವರೂ ಕೈ ಹಾಕುವುದಿಲ್ಲ.

ಗುಲ್ಸುಮ್‌ಳ ಬಾಯಿ ಎಂಥದು ಎಂಬುದು ಇಡೀ ಊರಿಗೆ ಗೊತ್ತು. ಹಾಗಾಗಿ ಅವಳಿಗೆ ಕೆಲಸ ಬಹಳ ಇತ್ತು. ಕಳ್ಳ ಎಂದು ಬೈದಿದ್ದ ಕಸಾಯಿಯವನ ಹತ್ತಿರ ಹೋದಳು, ಅವನು ನಕ್ಕು, ಬಿಟ್ಟೆ ಎಂದ. ನಾದಿನಿಯ ಹತ್ತಿರ ಹೋದಳು, ಇಬ್ಬರೂ ಅತ್ತರು. ಸ್ವಂತ ಸೊಸೆಯನ್ನೇ ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದಳು. ಮೆಲಿಹಾ ಬಿಟ್ಟೆ ಅತ್ತೆ ಅಂದಳಾದರೂ, ಅನ್ನುವ ಮೊದಲು ತುಸು ಹೆಚ್ಚೇ ಯೋಚಿಸಿದಳು ಎಂಬುದು ಗುಲ್ಸುಮ್‌ಗೆ ಇನ್ನೂ ಚುಚ್ಚುತ್ತಿತ್ತು. ಉಳಿದವಳು ಹಸಿಬೆ ಒಬ್ಬಳೇ. ಅವಳ ಮನೆ ಹಿಂದಿನ ಬೀದಿಯಲ್ಲೇ ಇದೆ. ಗುಲ್ಸುಮ್ ಗೇಟಿನವರೆಗೆ ಹೋಗಿ ತಿರುಗಿ ಬಂದದ್ದು ಎಷ್ಟು ಸಲವೋ. ಒಮ್ಮೆಯಂತೂ ಹಸಿಬೆಯ ಮಗಳು ಕಿಟಕಿಯಿಂದ ನೋಡಿಬಿಟ್ಟಳೆಂದು, ಇಲ್ಲದ ಕೋಳಿಯೊಂದನ್ನು ಬೇಲಿಯಲ್ಲಿ ಹುಡುಕುವ ನಾಟಕ ಮಾಡಿದ್ದಳು.

ಇಬ್ಬರ ನಡುವೆ ಮಾತು ನಿಂತು ನಲವತ್ತು ವರ್ಷ.

ಅಕ್‌ದೆರೆ ಕಣಿವೆಯ ಬಂಡೆ ಕೊರೆದ ಗುಹೆಗಳೊಳಗೇ ಊರಿದ್ದ ಕಾಲ ಅದು. ಗುಲ್ಸುಮ್ ಮದುವೆಯಾಗಿ ಬಂದ ಮನೆ ಮೇಲಿನದು, ಹಸಿಬೆಯದು ಅದರ ನೇರ ಕೆಳಗೆ. ಗುಲ್ಸುಮ್‌ಳ ಒಲೆಗುಂಡಿಯ ಪಕ್ಕ ನೆಲದಲ್ಲಿ ಒಂದು ಕಿಂಡಿ. ಅದು ಬಂಡೆಯನ್ನು ಕೊರೆದುಕೊಂಡು ಹೋಗಿ ಹಸಿಬೆಯ ಮನೆಯ ಚಾವಣಿಯಲ್ಲಿ ಬಾಯಿ ತೆರೆಯುತ್ತಿತ್ತು. ಯಾವ ಕಾಲದ ಕ್ರೈಸ್ತ ಸನ್ಯಾಸಿಗಳು ಯಾತಕ್ಕೆ ಕೊರೆದರೋ, ಅವರಿಗೇ ಗೊತ್ತು. ಇವರಿಬ್ಬರಿಗೆ ಮಾತ್ರ ಅದು ಜೀವ. ಹಸಿಬೆ ಬೆಳಿಗ್ಗೆ ಬೇಗ ಏಳುವವಳು. ಒಲೆ ಹಚ್ಚಿ, ಕಿಂಡಿಯೊಳಗೆ ಕೋಲಿನಿಂದ ತಟ್ಟುತ್ತಿದ್ದಳು. ಗುಲ್ಸುಮ್ ಹಗ್ಗ ಕಟ್ಟಿದ ಡಬ್ಬಿ ಇಳಿಬಿಡುತ್ತಿದ್ದಳು, ಕೆಂಡ ಮೇಲೆ ಬರುತ್ತಿತ್ತು. ಉಪ್ಪು, ಹುಳಿಹಿಟ್ಟು, ಅತ್ತೆಮಾವಂದಿರ ಮೇಲಿನ ದೂರು, ಎಲ್ಲದಕ್ಕೂ ಅದೇ ದಾರಿ.

ಒಂದು ಚಳಿಗಾಲದಲ್ಲಿ ಗುಲ್ಸುಮ್ ಮೊಸರಿನ ಗಡಿಗೆ ಇಳಿಸುವಾಗ ಗಂಟು ಜಾರಿತು. ಕೆಳಗೆ ಹಸಿಬೆಯ ಮಾವ ನಮಾಜಿನಲ್ಲಿ ಬಾಗಿದ್ದ. ಮೊಸರು ನೇರ ಅವನ ಬೋಳುತಲೆಯ ಮೇಲೆ. ಈ ಕಿಂಡಿಗೆ ಕಲ್ಲು ಬಡಿಯದಿದ್ದರೆ ನನ್ನ ಹೆಸರು ಬೇರೆ ಕರೀರಿ ಎಂದು ಮುದುಕ ಕಣಿವೆಗೆಲ್ಲ ಕೇಳುವಂತೆ ಕೂಗಾಡಿದ. ಅದಾದ ಸ್ವಲ್ಪ ದಿನಕ್ಕೆ, ಹಿಮ ಬಿದ್ದ ಒಂದು ಬೆಳಿಗ್ಗೆ ಗುಲ್ಸುಮ್ ಇಳಿಬಿಟ್ಟ ಡಬ್ಬಿ ಅರ್ಧದಲ್ಲೇ ಟಣ್ಣೆಂದು ನಿಂತಿತು. ಕೂಗಿದರೆ ಉತ್ತರವಿಲ್ಲ. ಗಂಡ ಊರಲ್ಲಿರಲಿಲ್ಲ, ಒಲೆ ತಣ್ಣಗಿತ್ತು, ಹಸುಗೂಸು ಇಸ್ಮೆತ್ ಚಳಿಗೆ ಅಳುತ್ತಿದ್ದ. ಮುದುಕ ಮುಚ್ಚಿಸಿದ, ಇವಳು ಸುಮ್ಮನೆ ಒಪ್ಪಿಕೊಂಡಳು, ಒಂದು ಮಾತು ಹೇಳಲಿಲ್ಲ ಎಂದು ಗುಲ್ಸುಮ್‌ಳ ರಕ್ತ ಕುದಿಯಿತು. ಚಿಲುಮೆಯ ಹತ್ತಿರ ಹಸಿಬೆ ಸಿಕ್ಕಳು. ಊರ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗಲೇ ಗುಲ್ಸುಮ್ ಅವಳ ಮುಖಕ್ಕೆ, ನಿನ್ನ ಒಲೆ ಆರಿಹೋಗಲಿ ಎಂದಳು. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಶಾಪವಿಲ್ಲ. ಹಸಿಬೆ ಖಾಲಿ ಕೊಡ ಎತ್ತಿಕೊಂಡು ಹೊರಟುಹೋದಳು.

ಆ ವಸಂತದಲ್ಲಿ ಬಂಡೆ ಬಿತ್ತು. ಗುಲ್ಸುಮ್ ತವರಿನಿಂದ ತಂದಿದ್ದ ಹಸು ಸಾರಿಕಿಜ್ ಕೊಟ್ಟಿಗೆಯಲ್ಲೇ ಮಣ್ಣಾಯಿತು. ಬೇಸಿಗೆಯಲ್ಲಿ ಸರ್ಕಾರದವರು ಬಂದು, ಬೆಟ್ಟ ನಿಲ್ಲುವಂತಿಲ್ಲ, ಎಲ್ಲರೂ ಹೊರಡಿ ಎಂದರು. ಬಯಲಿನಲ್ಲಿ ಸಿಮೆಂಟಿನ ಹೊಸ ಊರು ಎದ್ದಿತು. ಕಣಿವೆಯ ಒಂದೊಂದು ಒಲೆಯೂ ಆರಿತು, ಗುಲ್ಸುಮ್‌ಳದೂ ಸೇರಿ. ಶಾಪ ಹಾಕಿದ್ದು ಒಬ್ಬಳಿಗೆ, ತಟ್ಟಿದ್ದು ಊರಿಗೆಲ್ಲ ಎಂಬ ಭಯ ಅಂದಿನಿಂದ ಅವಳ ಎದೆಯಲ್ಲಿ ಕೂತಿತ್ತು. ಗಂಡ ಸಾಯುವವರೆಗೂ ಅವನಿಗೆ ಅದನ್ನು ಹೇಳಲಿಲ್ಲ.

ಈಗ ಕಣಿವೆ ಮ್ಯೂಸಿಯಂ. ಬಾಗಿಲಲ್ಲಿ ಕಂಬಿ, ಟಿಕೇಟು, ಹೊರದೇಶದವರ ಬಸ್ಸುಗಳು. ಆದರೆ ಮೇ ತಿಂಗಳಲ್ಲಿ ವಸಂತವನ್ನು ಸ್ವಾಗತಿಸುವ ಹಿದ್ರೆಲ್ಲೆಜ್ ಹಬ್ಬದ ದಿನ ಮಾತ್ರ ಹಳೆಯ ಊರಿನವರನ್ನು ಯಾರೂ ಟಿಕೇಟು ಕೇಳುವುದಿಲ್ಲ. ಕಾವಲುಗಾರ ರುಶ್ತು ಆ ಊರಿನವನೇ. ಗುಹೆಯೊಳಗೆ ಬೆಂಕಿ ಹಚ್ಚಬಾರದು ಎಂದು ಹೇಳಿದ್ದನ್ನೇ ಹೇಳಿ ಒಳಗೆ ಬಿಟ್ಟ. ಗುಲ್ಸುಮ್‌ಳನ್ನು ಕಂಡು ಕೈಗೆ ಮುತ್ತಿಟ್ಟು, ಮೆಕ್ಕಾದಲ್ಲಿ ತನಗೂ ಒಂದು ಪ್ರಾರ್ಥನೆ ಇರಲಿ ಎಂದ. ಅವಳ ಕಣ್ಣು ಆಗಲೇ ತೊರೆಯ ಆಚೆ ದಡದಲ್ಲಿತ್ತು.

ಅಲ್ಲಿ ಪಾಪ್ಲರ್ ಮರಗಳ ಕೆಳಗೆ ನೀಲಿ ಶಾಲು. ಬೆನ್ನು ಈ ಕಡೆಗೆ.

ಮೆಲಿಹಾ ಕಂಬಳಿ ಹಾಸಿ ಅತ್ತೆಗೆ ದಿಂಬಿಟ್ಟಳು. ಗುಲ್ಸುಮ್ ಕೂತಳು, ಎದ್ದಳು. ನೀರು ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬಂದಳು. ಇಸ್ಮೆತ್ ಸಮೋವಾರಿನ ಹೊಟ್ಟೆಗೆ ಚಕ್ಕೆ ತುಂಬಿ ಊದುತ್ತಿದ್ದರೆ, ಹಾಗಲ್ಲ ಹೀಗೆ ಎಂದು ಅವನ ಕೈಯಿಂದ ಕಿತ್ತುಕೊಂಡು, ಇದ್ದ ಬೆಂಕಿಯನ್ನೂ ಆರಿಸಿದಳು. ಅವನು ನಲವತ್ತು ದಾಟಿದ ಗಂಡಸು, ಬ್ಯಾಂಕಿನಲ್ಲಿ ಕೆಲಸ. ಆದರೂ ತಾಯಿಗೆ ಎದುರು ಹೇಳದೆ ಮತ್ತೆ ಚಕ್ಕೆ ಆಯಲು ಹೋದ. ಗುಲಾಬಿ ಗಿಡದ ಬುಡದಲ್ಲಿ ಹುಡುಗಿಯರು ಈ ವರ್ಷ ತಮಗೂ ಮನೆಯಾಗಲಿ ಎಂದು ಕಲ್ಲು ಪೇರಿಸಿ ಗುಬ್ಬಚ್ಚಿ ಮನೆ ಕಟ್ಟುತ್ತಿದ್ದರು. ಗುಲ್ಸುಮ್ ಅವರ ನಡುವೆ ಹೋಗಿ ಗೋಡೆ ಸೊಟ್ಟಗಿದೆ ಎಂದು ಬುದ್ಧಿ ಹೇಳಿ ಬಂದಳು.

“ಅತ್ತೆ, ಮೈಮೇಲೆ ಇರುವೆ ಬಿಟ್ಕೊಂಡೋರ ಥರ ಆಡ್ತಿದ್ದೀರ. ಹೋಗಿ ಮಾತಾಡ್ಸಿ, ಇಲ್ಲ ಬಿಟ್ಬಿಡಿ,” ಎಂದಳು ಮೆಲಿಹಾ.

“ನಿನಗೇನು ಗೊತ್ತು, ಸುಮ್ನಿರು. ಮೊದ್ಲು ತಟ್ಟೆ ಕಳಿಸಿ ನೋಡೋಣ.”

ತಟ್ಟೆ ಎಂದರೆ ಗುಲ್ಸುಮ್‌ಳ ಮದುವೆಯ ತಾಮ್ರದ ತಟ್ಟೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಸುರುಳಿಗಳನ್ನು ಅದರ ತುಂಬ ಜೋಡಿಸಿ, ನಿಂಬೆಹೋಳಿಟ್ಟು, ಬಟ್ಟೆ ಮುಚ್ಚಿ ಸೊಸೆಯ ಕೈಯಲ್ಲಿ ಕಳಿಸಿದಳು. ಲೆಕ್ಕಾಚಾರ ಸುಲಭದ್ದು. ಆ ಸೀಮೆಯಲ್ಲಿ ಬೇರೆ ಮನೆಯ ತಟ್ಟೆಯನ್ನು ಯಾರೂ ಖಾಲಿ ಹಿಂತಿರುಗಿಸುವುದಿಲ್ಲ. ನಾಲ್ಕು ವಾಲ್‌ನಟ್ಟಾದರೂ, ಒಂದು ಹಿಡಿ ಒಣದ್ರಾಕ್ಷಿಯಾದರೂ ಹಾಕಿಯೇ ಕೊಡುತ್ತಾರೆ. ಏನಾದರೂ ಬಂದರೆ ಬಾಗಿಲು ತೆರೆದಿದೆ ಎಂದರ್ಥ. ಥ್ಯಾಂಕ್ಸ್ ಹೇಳುವ ನೆಪದಲ್ಲಿ ತೊರೆ ದಾಟಬಹುದು.

ಮೆಲಿಹಾ ತಿರುಗಿ ಬಂದಾಗ ತಟ್ಟೆ ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಏನೂ ಇರಲಿಲ್ಲ.

ತಟ್ಟೆಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದಳಂತೆ ಹಸಿಬೆ. ಗುಲ್ಸುಮ್‌ಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಊರೆಲ್ಲ ಬಿಟ್ಟುಕೊಟ್ಟಿದೆ, ಇವಳೊಬ್ಬಳು ಬಿಡದಿದ್ದರೆ ಹೋಗಲಿ ಎಂದು ಬಾಯಲ್ಲಿ ಅಂದಳು. ಆದರೆ ಇಮಾಮ್ ಹೇಳಿದ್ದನ್ನು ಅವಳು ನಂಬಿದ್ದಳು. ಅಷ್ಟು ದೂರ ಹೋಗಿ, ಬಿಳಿ ಬಟ್ಟೆ ಉಟ್ಟು, ದೇವರ ಮನೆಯ ಸುತ್ತ ತಿರುಗಿ ಬಂದರೂ, ಈ ನೀಲಿ ಶಾಲಿನವಳ ಒಂದು ಮಾತಿಲ್ಲದೆ ಎಲ್ಲವೂ ನೀರಿನಲ್ಲಿ ಹೋಮ. ಕೂರಲಾಗಲಿಲ್ಲ. ಯಾರಿಗೂ ಹೇಳದೆ ಎದ್ದು, ಹಳೆಯ ಮನೆಯ ಮೆಟ್ಟಿಲು ಹತ್ತಿದಳು.

ಮೆಟ್ಟಿಲು ಸವೆದು ಬಟ್ಟಲಾಗಿತ್ತು. ಮೇಲೆ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದ್ದರು. ತನ್ನ ಮನೆಗೆ ತಾನೇ ಬಗ್ಗಿ ನುಸುಳಬೇಕಾಯಿತಲ್ಲ ಎಂದು ಗೊಣಗುತ್ತ ಒಳಗೆ ಹೋದಳು. ಹಿಂದಿನ ಕೋಣೆ ಒಂದು ಕಾಲದ ಚರ್ಚು. ಅದರ ಗೋಡೆಯ ಮೇಲೆ ಗಡ್ಡದ ಸಂತನೊಬ್ಬ ಎರಡು ಬೆರಳೆತ್ತಿ ನಿಂತಿದ್ದಾನೆ. ಹೊಸ ಮದುವಣಗಿತ್ತಿಯಾಗಿದ್ದಾಗ ಅವನ ಎದುರು ಬಟ್ಟೆ ಬದಲಾಯಿಸಲು ನಾಚಿ, ಗೋಡೆಗೆ ಮೊಳೆ ಹೊಡೆದು ಅವನ ಮುಖಕ್ಕೆ ಹಿಟ್ಟಿನ ಜರಡಿ ನೇತುಹಾಕುತ್ತಿದ್ದಳು. ಮೊಳೆ ಅಲ್ಲೇ ಇತ್ತು. ಜರಡಿ ಮುಚ್ಚಿದ್ದಷ್ಟು ದುಂಡಗೆ ಬಣ್ಣ ಹೊಸದಾಗಿ ಉಳಿದು, ಸಂತನ ಮುಖವೊಂದು ಮಾತ್ರ ಮೊನ್ನೆ ತೊಳೆದ ಹಾಗೆ ಕಾಣುತ್ತಿತ್ತು.

ಒಲೆಗುಂಡಿಯ ಪಕ್ಕದಲ್ಲಿ ಕಿಂಡಿಯೂ ಇತ್ತು. ಗುಲ್ಸುಮ್ ಮೊಣಕಾಲೂರಿ ಕೂತಳು. ಇಲ್ಲಿ ಅಭ್ಯಾಸ ಮಾಡಿದರೆ ಕೆಳಗೆ ಹೋಗಿ ಹೇಳಲು ಸಲೀಸಾದೀತು ಎಂದು, ಹಸಿಬೆ ಅಕ್ಕಾ ನಿನ್ನ ಹಕ್ಕು ಬಿಟ್ಟುಕೊಡು ಎಂದು ಕಿಂಡಿಗೆ ಹೇಳಿದಳು. ದನಿ ಹಿಂದಿನ ಹಾಗೆ ಇಳಿಯಲಿಲ್ಲ. ದಿಂಬಿಗೆ ಬಾಯಿ ಇಟ್ಟು ಮಾತಾಡಿದಂತೆ ಅಲ್ಲೇ ಸತ್ತಿತು. ಇನ್ನೂ ಮುಚ್ಚಿಯೇ ಇದೆ ಎಂದು ಸಿಟ್ಟು ಮತ್ತೆ ತಲೆಗೇರಿತು. ಸತ್ತು ಎಷ್ಟೋ ವರ್ಷವಾದ ಮುದುಕನ ಕಲ್ಲು ಎಂಥದ್ದು, ನೋಡಿಯೇ ಬಿಡೋಣ ಎಂದು ನೆಲಕ್ಕೆ ಮುಖವಿಟ್ಟು ಮಲಗಿದಳು. ಅಷ್ಟರಲ್ಲಿ ಹಗ್ಗದ ಆಚೆ ಬರಬಾರದು ದೊಡ್ಡಮ್ಮ ಎನ್ನುತ್ತ ರುಶ್ತು ಬಂದ. ಬಂದವನು ಅವಳನ್ನು ಎಬ್ಬಿಸುವುದು ಬಿಟ್ಟು, ಅವಳು ಕೇಳಿದ ಕೂಡಲೇ ತನ್ನ ಟಾರ್ಚನ್ನು ಕೊಟ್ಟ. ಹಜ್‌ಗೆ ಹೊರಟವರ ಮಾತು ತೆಗೆದುಹಾಕಲು ಅವನಿಗೆ ಧೈರ್ಯ ಬರಲಿಲ್ಲ.

ಬೆಳಕು ಬಿದ್ದಲ್ಲಿ ಕಲ್ಲು ಬಡಿದಿರಲಿಲ್ಲ, ಬಟ್ಟೆ ತುರುಕಿರಲಿಲ್ಲ, ಗಾರೆ ಮೆತ್ತಿರಲಿಲ್ಲ. ಕಿಂಡಿ ಅರ್ಧದವರೆಗೆ ನೆಟ್ಟಗೆ ಇಳಿದು, ಅಲ್ಲಿ ಕತ್ತರಿಸಿದಂತೆ ನಿಂತಿತ್ತು. ಕೆಳಗಿನ ಅರ್ಧ ಇಡಿಯಾಗಿ ಪಕ್ಕಕ್ಕೆ ಸರಿದಿತ್ತು. ಕೊಯ್ದ ರೊಟ್ಟಿಯ ತುಂಡೊಂದನ್ನು ತಳ್ಳಿದ ಹಾಗೆ. ಅಂಚಿನಲ್ಲಿ ಕಿಂಡಿಯ ದುಂಡು ಬಾಯಿಯ ತೆಳ್ಳನೆಯ ಒಂದು ಗೆರೆ ಕಾಣುತ್ತಿತ್ತು. ಅದೇ ಬಿರುಕು ಗೋಡೆಯಲ್ಲಿ ಹಾಯ್ದು ಕೊಟ್ಟಿಗೆಯ ಕಡೆಗೆ ಹೋಗಿತ್ತು.

ಮುಚ್ಚಿದ್ದು ಯಾವ ಮನುಷ್ಯನೂ ಅಲ್ಲ. ಬೆಟ್ಟ.

ಅವಳಿಗೆ ಮೊದಲು ಆದದ್ದು ಬಿಡುಗಡೆ. ಡಬ್ಬಿ ನಿಂತ ಬೆಳಿಗ್ಗೆ, ಅವಳು ಚಿಲುಮೆಗೆ ಹೋಗುವ ಮೊದಲೇ, ಬೆಟ್ಟ ಜಾರಿತ್ತು. ಹಾಗಾದರೆ ಊರಿನ ಒಲೆ ಆರಿದ್ದು ಅವಳ ಬಾಯಿಂದಲ್ಲ. ತನ್ನ ನಾಲಿಗೆಗೆ ಬೆಟ್ಟ ಬೀಳಿಸುವ ತಾಕತ್ತಿದೆ ಎಂದು ಇಷ್ಟು ವರ್ಷ ನಂಬಿದ್ದಳಲ್ಲ, ನಗು ಬಂತು. ನಗುತ್ತಿದ್ದಂತೆಯೇ ಇನ್ನೊಂದು ವಿಷಯ ಹೊಳೆದು, ನಗು ಅಲ್ಲಿಗೇ ನಿಂತಿತು. ಹಾಗಾದರೆ ಹಸಿಬೆ ಏನೂ ಮಾಡಿರಲಿಲ್ಲ. ಏನೂ ಮಾಡದವಳಿಗೆ ಊರ ಮುಂದೆ ಶಾಪ ಹಾಕಿ, ಅವಳದೇ ತಪ್ಪೆಂದು ಮುಖ ಊದಿಸಿಕೊಂಡು, ಒಂದೇ ಊರಲ್ಲಿ ಬದುಕಿ ಮುದುಕಿಯಾಗಿದ್ದಳು. ಗುಲ್ಸುಮ್‌ಗೆ ನಾಚಿಕೆಯಾಯಿತು, ತಡೆಯಲಾಗದಷ್ಟು.

ಹೊರಗೆ ಬಂದು ನೋಡಿದರೆ ಮರದ ಕೆಳಗೆ ನೀಲಿ ಶಾಲು ಇರಲಿಲ್ಲ. ಹಸಿಬೆ ದೊಡ್ಡಮ್ಮ ಪ್ರತಿ ವರ್ಷವೂ ತನ್ನ ಗುಹೆಗೆ ಹೋಗಿ ಒಬ್ಬಳೇ ಕೂರುತ್ತಾಳೆ ಎಂದು ರುಶ್ತು ಹೇಳಿದ. ಗುಲ್ಸುಮ್ ಮೆಟ್ಟಿಲಿಳಿದಳು. ಈ ಸಲ ಕೋಳಿ ಹುಡುಕಲಿಲ್ಲ.

ಹಸಿಬೆ ಕಲ್ಲಿನಲ್ಲೇ ಕಡೆದ ಜಗಲಿಯ ಮೇಲೆ ಕೂತಿದ್ದಳು, ಚಾವಣಿಯ ಕಿಂಡಿಯ ನೇರ ಕೆಳಗೆ. ಬಂದವಳನ್ನು ನೋಡಿ ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

“ಹಸಿಬೆ ಅಕ್ಕಾ, ಕಿಂಡಿ ನೋಡ್ದೆ,” ಎಂದಳು ಗುಲ್ಸುಮ್. “ನೀವ್ಯಾರೂ ಮುಚ್ಚಿರ್ಲಿಲ್ಲ. ಬೆಟ್ಟ ಜಾರಿ ಮುಚ್ಕೊಂಡಿದೆ.”

“ಗೊತ್ತು.”

“ಯಾವಾಗಿಂದ?”

“ಅವತ್ತಿಂದ್ಲೇ. ಕೆಂಡ ಕೊಡೋಣ ಅಂತ ತಟ್ಟೋಕೆ ಹೋದ್ರೆ ಕೋಲು ಅರ್ಧಕ್ಕೇ ನಿಲ್ತು. ದೀಪ ಹಿಡಿದು ನೋಡ್ದೆ. ನಿನಗೆ ಹೇಳೋಕೆ ಅಂತ್ಲೇ ಹೊರಟಿದ್ದೆ ಕಣೇ. ಕೈಯಲ್ಲಿ ಕೊಡ ಇತ್ತಲ್ಲ, ನೀರು ತುಂಬ್ಕೊಂಡೇ ಮೇಲೆ ಹತ್ತೋಣ ಅಂತ ಚಿಲುಮೆ ಕಡೆ ಬಂದೆ.”

ಚಿಲುಮೆಯಲ್ಲಿ ಏನಾಯಿತೆಂದು ಹೇಳುವ ಅಗತ್ಯವಿರಲಿಲ್ಲ. ಗುಲ್ಸುಮ್ ಬಾಗಿಲ ಕಂಬ ಹಿಡಿದುಕೊಂಡಳು. ಕ್ಷಮಿಸು ಎನ್ನಲು ಬಾಯಿ ತೆರೆದಳು, ಹಸಿಬೆ ಕೈ ಎತ್ತಿ ತಡೆದಳು.

“ಪೂರ್ತಿ ಕೇಳು. ನಿನ್ನ ಮೇಲಿನ ಸಿಟ್ಟಿಗೆ ನಾನು ಬಾಯಿ ಮುಚ್ಕೊಂಡೆ. ಮಾವನಿಗೆ ಹೇಳ್ಲಿಲ್ಲ, ಗಂಡನಿಗೆ ಹೇಳ್ಲಿಲ್ಲ. ಬೆಟ್ಟ ಜಾರ್ತಿದೆ ಅಂತ ಗೊತ್ತಿದ್ದೋಳು ನಾನೊಬ್ಳೇ. ಆಮೇಲೆ ಬಂಡೆ ಬಿತ್ತು, ನಿನ್ನ ಹಸು ಹೋಯ್ತು. ಪಕ್ಕದ ಕೋಣೆಯಲ್ಲೇ ನಿನ್ನ ಮಗು ತೊಟ್ಟಿಲಲ್ಲಿತ್ತು. ಇನ್ನೊಂದು ಮೊಳ ಈಚೆ ಬಿದ್ದಿದ್ರೆ ಏನ್ ಗತಿ? ನಿನ್ನ ಇಸ್ಮೆತ್‌ನ ಬೀದೀಲಿ ಕಂಡಾಗೆಲ್ಲ ನನಗೆ ಅದೇ. ಅವನು ಶಾಲೆಗೆ ಹೋಗೋವಾಗ, ಮಿಲಿಟರಿಗೆ ಹೋಗೋವಾಗ, ಮದುವೆ ಮೆರವಣಿಗೇಲಿ. ಶಾಪ ನಾನು ಯಾವತ್ತೋ ಮರೆತೆ. ನಿನ್ನ ಮುಖ ನೋಡೋಕೆ ನನಗೇ ಆಗ್ತಿರ್ಲಿಲ್ಲ.”

ಬಾಗಿಲಿನಿಂದ ತೊರೆಯ ದಡ ಕಾಣುತ್ತಿತ್ತು. ಇಸ್ಮೆತ್ ಬಗ್ಗಿ ಸಮೋವಾರ್ ಊದುತ್ತಿದ್ದ. ನೆತ್ತಿಯಲ್ಲಿ ಕೂದಲು ಉದುರಲು ಶುರುವಾಗಿತ್ತು. ಗುಲ್ಸುಮ್ ಅವನನ್ನೇ ನೋಡಿದಳು. ತೊಟ್ಟಿಲಿನ ಮೇಲೆ ದಪ್ಪಗೆ ಧೂಳು ಕೂತಿದ್ದ ಆ ಬೆಳಿಗ್ಗೆ ನೆನಪಾಯಿತು. ಧೂಳಿನೊಳಗಿಂದ ಮಗು ಕೆಮ್ಮುವವರೆಗೂ ತಾನು ಉಸಿರು ಬಿಟ್ಟಿರಲಿಲ್ಲ. ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಸಿಟ್ಟು ಕಾಲಿನಿಂದ ಏರುತ್ತ ಬಂತು, ಹಳೆಯ ಸಿಟ್ಟಿಗಿಂತ ದೊಡ್ಡದು, ಮತ್ತು ಈ ಸಲ ಸುಳ್ಳಲ್ಲದ್ದು. ಕೇಳಲು ಬಂದವಳ ಕೈಯಲ್ಲೇ ಈಗ ಬಿಡುವ ಹಕ್ಕಿತ್ತು. ಇಟ್ಟುಕೊಂಡರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೆ ಆ ಮಾತನ್ನು ತಾನು ಚಿಲುಮೆಯಲ್ಲಿ ಆಡದಿದ್ದರೆ, ಆ ಬೆಳಿಗ್ಗೆಯೇ ಇವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು, ಹಸುವನ್ನು ಬೇರೆ ಕಡೆ ಕಟ್ಟುತ್ತಿದ್ದರು, ತೊಟ್ಟಿಲನ್ನೂ ಸರಿಸುತ್ತಿದ್ದರು. ಎಲ್ಲಿಂದ ಎಳೆದರೂ ದಾರದ ತುದಿ ತನ್ನ ಬಾಯಿಗೇ ಬಂದು ಸೇರುತ್ತಿತ್ತು.

“ಬಿಟ್ಟೆ,” ಎಂದಳು ಕೊನೆಗೆ. ಮಾತು ಸಲೀಸಾಗಿ ಬರಲಿಲ್ಲ. “ಹಸೂನೂ ಬಿಟ್ಟೆ, ತೊಟ್ಟಿಲನ್ನೂ ಬಿಟ್ಟೆ. ನೀನೂ ನನ್ನ ಮಾತು ಬಿಡು, ಹಸಿಬೆ ಅಕ್ಕ.”

“ಬಿಟ್ಟೆ,” ಎಂದಳು ಹಸಿಬೆ, ಮತ್ತು ಅಳಲು ಶುರುಮಾಡಿದಳು.

ಗುಲ್ಸುಮ್ ಜಗಲಿಯ ಮೇಲೆ ಅವಳ ಪಕ್ಕ ಕೂತಳು. ಇಬ್ಬರೂ ಮೂಗು ಒರೆಸಿಕೊಂಡಾದ ಮೇಲೆ, ತಟ್ಟೆಯನ್ನು ಖಾಲಿ ಯಾಕೆ ಕಳಿಸಿದೆ, ಎದೆ ಒಡೆದುಹೋಯಿತು ಎಂದು ದೂರಿದಳು.

“ಇನ್ನೇನು ಇಡ್ಲಿ?” ಎಂದಳು ಹಸಿಬೆ. “ವಾಲ್‌ನಟ್ ತಗೊಂಡೆ, ವಾಪಸ್ ಹಾಕ್ದೆ. ಒಣದ್ರಾಕ್ಷಿ ತಗೊಂಡೆ. ಒಂದು ಮಗುವಿನ ಜೀವಕ್ಕೆ ಬದಲಾಗಿ ಹಿಡಿ ದ್ರಾಕ್ಷಿ ಕಳಿಸ್ಲಾ? ಯಾವುದಿಟ್ರೂ ಕಮ್ಮಿ ಅನ್ನಿಸ್ತು.”

ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಹಸಿಬೆಯ ಮನೆಯವರಿದ್ದ ಆಚೆ ದಡಕ್ಕೆ ಬಂದಾಗ, ಅಲ್ಲಿ ತಿನ್ನುತ್ತಿದ್ದವರೆಲ್ಲ ತಿನ್ನುವುದನ್ನು ನಿಲ್ಲಿಸಿದರು. ಹಸಿಬೆ ಯಾರ ಕಡೆಗೂ ನೋಡದೆ, ತನ್ನ ಮಗಳಿಗೆ ಗುಲ್ಸುಮ್‌ಳ ತಾಮ್ರದ ತಟ್ಟೆಯನ್ನು ತೊರೆಯಾಚೆಯಿಂದ ತರಿಸು ಎಂದಳು. ತಮ್ಮ ಸಮೋವಾರಿನ ಮುಚ್ಚಳ ತೆಗೆದು, ಇಕ್ಕಳದಿಂದ ಕೆಂಪು ಕೆಂಡಗಳನ್ನು ಒಂದೊಂದೇ ಎತ್ತಿ ತಟ್ಟೆಯಲ್ಲಿಟ್ಟಳು. ಇಸ್ಮೆತ್‌ನ ಸಮೋವಾರ್ ಇನ್ನೂ ಹೊಗೆಯಾಡುತ್ತ ಒದ್ದಾಡುತ್ತಿತ್ತು. ಹಸಿಬೆ ಶಾಲಿನ ಅಂಚನ್ನು ಕೈಗೆ ಸುತ್ತಿ ತಟ್ಟೆ ಹಿಡಿದು, ಕಲ್ಲಿನ ಮೇಲೆ ಕಾಲಿಡುತ್ತ ಗುಲ್ಸುಮ್ ಜೊತೆ ತೊರೆ ದಾಟಿದಳು. ಬೇರೆಯವರು ಹಿಡಿಯಲು ಬಂದರೆ ಕೊಡಲಿಲ್ಲ. ಈ ದಡಕ್ಕೆ ಬಂದು, ಸರಿ ಪಕ್ಕಕ್ಕೆ ಎಂದು ಇಸ್ಮೆತ್‌ನ ತಲೆಗೂದಲನ್ನೊಮ್ಮೆ ಸವರಿ, ಕೆಂಡವನ್ನು ತಾನೇ ಸಮೋವಾರಿನೊಳಗೆ ಸುರಿದಳು. ಅವನು ಬೆಪ್ಪಾಗಿ ತಾಯಿಯ ಮುಖ ನೋಡಿದ.

“ಮೆಕ್ಕಾದಲ್ಲಿ ಹುಷಾರು,” ಎಂದಳು ಹಸಿಬೆ, ಗುಲ್ಸುಮ್‌ಗೆ ಕೇಳುವಷ್ಟೇ. “ಬಾಗಿ ನಮಾಜು ಮಾಡೋರ ತಲೆ ಮೇಲೆ ಮೊಸರು ಚೆಲ್ಲೀಯ.”

ಸಮೋವಾರ್ ಸುಂಯ್ ಎನ್ನತೊಡಗಿತು. ಮೆಲಿಹಾ ಎರಡು ಲೋಟ ತೊಳೆದು ಮುಂದಿಟ್ಟು, ಅತ್ತೆ ಮತ್ತೆ ಎದ್ದು ಎಲ್ಲಿಗಾದರೂ ಹೊರಟಾಳು ಎಂದು ಓರೆಗಣ್ಣಿನಲ್ಲಿ ಕಾದಳು. ಗುಲ್ಸುಮ್ ದಿಂಬಿಗೆ ಒರಗಿ ಕೂತೇ ಇದ್ದಳು, ಕೆಂಡದ ಬಿಸಿಗೆ ಕಪ್ಪಾಗಿದ್ದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು.